ಫೈಲಿನ ಮೊದಲ ಸಾಲು

ಆಸ್ಪತ್ರೆಯಲ್ಲಿರುವ ನನ್ನ ಫೈಲನ್ನು ತೆರೆದರೆ ಮೊದಲ ಪುಟದ ಮೊದಲ ಸಾಲಿನಲ್ಲಿ ಕಾಣುವುದು ಇಷ್ಟು: ವಯಸ್ಸು 31, 14 ತಿಂಗಳಿಂದ ಪ್ರಯತ್ನಿಸಿದರೂ ಗರ್ಭ ನಿಂತಿಲ್ಲ. ಅದರ ಕೆಳಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುತ್ತದೆ, ರಕ್ತದೊತ್ತಡ ಎಷ್ಟು, ತೂಕ ಎಷ್ಟು, ಥೈರಾಯ್ಡ್ ಇದೆಯೇ ಎಂಬ ವಿವರಗಳಿವೆ. ಪುಟದ ತಳದಲ್ಲಿ, ಬರೆಯಲು ಜಾಗವೇ ಉಳಿಯದಿದ್ದಾಗ ತುರುಕಿದಂತೆ, ಎರಡು ಪದಗಳು: ‘ನೋವು ಇದೆ’. ಆ ಹೊತ್ತಿಗೆ ಆ ನೋವಿಗೆ 17 ವರ್ಷ ತುಂಬಿತ್ತು. ನಾನು 14ರ ಹುಡುಗಿಯಾಗಿದ್ದಾಗ ಶುರುವಾದ ನೋವು ನನ್ನ ಜೊತೆಗೇ ಬೆಳೆದು, ಓದು, ಕೆಲಸ, ಸಂಸಾರ ಎಲ್ಲದರೊಳಗೂ ತಿಂಗಳಿಗೆ ಮೂರು ನಾಲ್ಕು ದಿನಗಳನ್ನು ತನ್ನ ಪಾಲೆಂದು ಕಿತ್ತುಕೊಳ್ಳುತ್ತ ಬಂದಿತ್ತು.

ಆ ಪುಟವನ್ನು ಬರೆದ ವೈದ್ಯೆಯ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನ ಮಾತನ್ನು ಕೊನೆಯವರೆಗೂ ಕೇಳಿದ ಮೊದಲಿಗರು ಅವರೇ. ನನ್ನನ್ನು ಇಂದಿಗೂ ಬಿಡದೆ ಕಾಡುವ ಸಂಗತಿ ಬೇರೆ. ಆ 17 ವರ್ಷಗಳಲ್ಲಿ ಕನಿಷ್ಠ ನಾಲ್ಕು ಮಂದಿ ವೈದ್ಯರ ಮುಂದೆ ಕುಳಿತು ‘ಮುಟ್ಟಿನಲ್ಲಿ ತಡೆಯಲಾರದಷ್ಟು ನೋಯುತ್ತದೆ’ ಎಂದು ಹೇಳಿದ್ದೆ. ಪ್ರತಿಸಲವೂ ನೋವಿನ ಮಾತ್ರೆಯ ಚೀಟಿ ಸಿಕ್ಕಿತು, ಇದು ಸಹಜ ಎಂಬ ಸಮಾಧಾನ ಸಿಕ್ಕಿತು. ಆದರೆ ‘ಮಗು ಆಗುತ್ತಿಲ್ಲ’ ಎಂದು ಹೇಳಿದ ದಿನದಿಂದ ಒಂದೇ ವಾರದೊಳಗೆ ಸ್ಕ್ಯಾನಿಂಗ್ ಆಯಿತು, ರಕ್ತಪರೀಕ್ಷೆಗಳಾದವು. ಎರಡು ತಿಂಗಳೊಳಗೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯೂ ಆಗಿ ರೋಗಕ್ಕೆ ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಬಂತು. ದೇಹ ಅದೇ, ರೋಗ ಅದೇ, ಬದಲಾದದ್ದು ನಾನು ಹೇಳಿಕೊಂಡ ದೂರು ಮಾತ್ರ. ನೋವನ್ನು ಹೇಳಿದಾಗ ತೆರೆಯದ ಬಾಗಿಲು ಮಗುವಿನ ಮಾತೆತ್ತಿದ ಕೂಡಲೇ ತೆರೆಯಿತಲ್ಲ, ಅದೇಕೆ ಎಂದು ಯೋಚಿಸುತ್ತ ಈ ಬರಹಕ್ಕೆ ಕುಳಿತಿದ್ದೇನೆ.

ಅಮ್ಮನಿಗೂ ಇತ್ತು

ಪದವಿಯ ಎರಡನೆಯ ವರ್ಷದ ಪರೀಕ್ಷೆ. ಮೂರು ಗಂಟೆಯ ಪ್ರಶ್ನೆಪತ್ರಿಕೆ. ಬೆಳಿಗ್ಗೆ ಎದ್ದಾಗಲೇ ಸೊಂಟದ ಹಿಂಭಾಗದಲ್ಲಿ ಆ ಪರಿಚಿತ ಸೆಳೆತ ಶುರುವಾಗಿತ್ತು. ಮಾತ್ರೆ ನುಂಗಿ ಹೋಗಿದ್ದೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಅಕ್ಷರಗಳು ಅಲುಗಾಡತೊಡಗಿದವು. ಮೇಜಿನ ಅಂಚನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಬರೆಯುತ್ತಿದ್ದೆ, ಆಮೇಲೆ ಎರಡೂ ಕೈಯಲ್ಲಿ ಮೇಜನ್ನೇ ಹಿಡಿದುಕೊಂಡೆ. ಅನುಮತಿ ಪಡೆದು ಹೊರಗೆ ಹೋದವಳು ಶೌಚಾಲಯದ ನೆಲದ ಮೇಲೆ ಕೆನ್ನೆಯಿಟ್ಟು ಮಲಗಿದ್ದು ನೆನಪಿದೆ. ಆ ಟೈಲ್ಸಿನ ತಂಪು ಮಾತ್ರ ಹಿತವಾಗಿತ್ತು. ವಾಂತಿಯಾಯಿತು, ಬೆವರಿತು, ಮತ್ತೆ ವಾಂತಿಯಾಯಿತು. ಎಷ್ಟು ಹೊತ್ತು ಹಾಗೆ ಬಿದ್ದಿದ್ದೆನೋ ತಿಳಿಯದು. ಒಳಗೆ ಬಂದಾಗ ಉತ್ತರ ಪತ್ರಿಕೆಗಳನ್ನು ಸಂಗ್ರಹಿಸುತ್ತಿದ್ದರು. ಮನೆಗೆ ಬಂದು ಅತ್ತಾಗ ಅಮ್ಮ ಬಿಸಿನೀರಿನ ಚೀಲವನ್ನು ನನ್ನ ಹೊಟ್ಟೆಯ ಮೇಲಿಟ್ಟು, ಸೊಂಟ ಒತ್ತುತ್ತ ಹೇಳಿದ ಮಾತು ಇದು: “ನನಗೂ ಹೀಗೇ ಆಗ್ತಿತ್ತು ಮಗಳೇ. ನಿನ್ನ ದೊಡ್ಡಮ್ಮ ಅಂತೂ ಮೂರು ದಿನ ಏಳ್ತಾನೇ ಇರಲಿಲ್ಲ. ಹೆಣ್ಣುಜನ್ಮಕ್ಕೆ ಇದ್ದದ್ದೇ.”

ಅಮ್ಮ ನನ್ನ ನೋವನ್ನು ಹಗುರವಾಗಿ ಕಂಡವಳಲ್ಲ. ನನ್ನಷ್ಟೇ ನೋವನ್ನು ತಾನೂ ಉಂಡಿದ್ದರಿಂದಲೇ ಅವಳಿಗೆ ಅದು ಸಹಜವೆನಿಸಿತ್ತು. ಈ ರೋಗದ ವಿಚಾರವಾಗಿ ನಾನು ಓದಿಕೊಂಡದ್ದರಲ್ಲಿ ನನ್ನನ್ನು ಬಹಳ ಕಾಲ ಕಲಕಿದ ಸಂಗತಿ ಇದೇ. ಎಂಡೊಮೆಟ್ರಿಯೋಸಿಸ್ ಮನೆತನದಲ್ಲಿ ಹರಿದು ಬರುವ ಗುಣವುಳ್ಳದ್ದು. ತಾಯಿಗೋ ಒಡಹುಟ್ಟಿದ ಅಕ್ಕತಂಗಿಯರಿಗೋ ಇದ್ದರೆ ಉಳಿದ ಹೆಣ್ಣುಮಕ್ಕಳಿಗೆ ಬರುವ ಸಂಭವ ಹಲವು ಪಟ್ಟು ಹೆಚ್ಚು. ಅವಳಿಗಳ ಅಧ್ಯಯನಗಳು ಈ ರೋಗದ ಹೊಣೆಯಲ್ಲಿ ಸುಮಾರು ಅರ್ಧದಷ್ಟನ್ನು ವಂಶವಾಹಿಗಳಿಗೆ ಕಟ್ಟಿವೆ. 2023ರಲ್ಲಿ ಪ್ರಕಟವಾದ, 60 ಸಾವಿರಕ್ಕೂ ಹೆಚ್ಚು ರೋಗಿಗಳ ದತ್ತಾಂಶವನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು ವಂಶವಾಹಿಗಳ ಸರಣಿಯಲ್ಲಿ ಇದಕ್ಕೆ ಸಂಬಂಧಿಸಿದ 42 ತಾಣಗಳನ್ನು ಗುರುತಿಸಿತು. ಅಂದರೆ ಯಾವ ಮನೆಯಲ್ಲಿ ರೋಗ ಬರುವ ಸಂಭವ ಹೆಚ್ಚೋ ಆ ಮನೆಯಲ್ಲೇ ‘ಇದು ಎಲ್ಲರಿಗೂ ಆಗುವುದೇ’ ಎಂಬ ನಂಬಿಕೆಯೂ ಗಟ್ಟಿಯಾಗಿರುತ್ತದೆ. ಹೋಲಿಸಿ ನೋಡಲು ಅಲ್ಲಿ ನೋವಿಲ್ಲದ ಹೆಂಗಸೇ ಇರುವುದಿಲ್ಲ. ಅಜ್ಜಿ, ಅಮ್ಮ, ದೊಡ್ಡಮ್ಮ, ಅಕ್ಕ ಎಲ್ಲರೂ ತಂತಮ್ಮ ಅನುಭವದಿಂದ ಪ್ರಾಮಾಣಿಕವಾಗಿಯೇ ಸಮಾಧಾನ ಹೇಳುತ್ತಾರೆ, ಆ ಪ್ರೀತಿಯ ಸಮಾಧಾನವೇ ಹುಡುಗಿಯನ್ನು ವೈದ್ಯರಿಂದ ವರ್ಷಗಟ್ಟಲೆ ದೂರವಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10 ಮಂದಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನರಿಗೆ ಈ ರೋಗವಿದೆ. ಇಷ್ಟು ಸಾಮಾನ್ಯವಾದ ರೋಗವೊಂದನ್ನು ಗುರುತಿಸಲು ವರ್ಷಗಳೇ ಹಿಡಿಯುವುದರ ಹಿಂದೆ ವೈದ್ಯರ ಉದಾಸೀನ ಒಂದೇ ಅಲ್ಲ, ಮನೆಯೊಳಗಿನ ಈ ಒಪ್ಪಿಗೆಯೂ ಇದೆ ಎಂದು ನಾನು ನಂಬುತ್ತೇನೆ.

ಪೆನ್ಸಿಲಿನ ಚಿತ್ರ

ಸ್ಕ್ಯಾನಿಂಗ್ ವರದಿಯನ್ನು ಹಿಡಿದುಕೊಂಡು ಎರಡನೆಯ ಸಲ ಹೋದಾಗ ಆ ವೈದ್ಯೆ ಯಾವುದೋ ಹಳೆಯ ಹಾಳೆಯನ್ನು ಮಗುಚಿ ಹಾಕಿ ಪೆನ್ಸಿಲಿನಿಂದ ಚಿತ್ರ ಬರೆದರು. ತಲೆಕೆಳಗಾದ ಹೂಜಿಯಂಥ ಗರ್ಭಕೋಶ, ಅದರ ಎರಡು ಹೆಗಲಿನಿಂದ ಚಾಚಿದ ಅಂಡನಾಳಗಳು, ನಾಳದ ತುದಿಯಲ್ಲಿ ಬೆರಳುಗಳಂಥ ಕುಚ್ಚು, ಅದರ ಪಕ್ಕದಲ್ಲಿ ಅಂಡಾಶಯ. ಗರ್ಭಕೋಶದ ಹಿಂದೆ ಗುದನಾಳ, ಮುಂದೆ ಮೂತ್ರಕೋಶ. ಆಮೇಲೆ ಕೆಂಪು ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. “ನಿಮಗೆ ನೋವು ಎಲ್ಲಿ ಶುರುವಾಗುತ್ತೆ, ನೀವೇ ಗುರುತು ಹಾಕಿ” ಎಂದರು. ನಾನು ಗರ್ಭಕೋಶಕ್ಕೂ ಗುದನಾಳಕ್ಕೂ ನಡುವೆ, ತಳದಲ್ಲಿ, ಒಂದು ಚುಕ್ಕೆ ಇಟ್ಟೆ. ಅವರು ಕೇಳಿದರು: ಆ ದಿನಗಳಲ್ಲಿ ಮಲವಿಸರ್ಜನೆಗೆ ಕುಳಿತಾಗ ನೋಯುತ್ತದೆಯೇ? ಮೂತ್ರಕ್ಕೆ ಹೋದಾಗ? ಗಂಡನೊಡನೆ ಕೂಡುವಾಗ ಆಳದಲ್ಲಿ ನೋವಾಗುತ್ತದೆಯೇ? ಮುಟ್ಟು ಇಲ್ಲದ ದಿನಗಳಲ್ಲೂ ನೋವಿದೆಯೇ? ಮೊದಲ ಪ್ರಶ್ನೆಗೇ ನನ್ನ ಕಣ್ಣು ತುಂಬಿಬಂತು. ಆ ದಿನಗಳಲ್ಲಿ ಕುಳಿತಾಗ ಒಳಗಿನಿಂದ ಯಾರೋ ಚಾಕುವಿನಲ್ಲಿ ತಿವಿದಂತಾಗುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದಕ್ಕೂ ಮುಟ್ಟಿಗೂ ಸಂಬಂಧವಿರಬಹುದು ಎಂದು ಯಾರೂ ಕೇಳಿಯೂ ಇರಲಿಲ್ಲ.

ಗರ್ಭಕೋಶದ ಒಳಪೊರೆ ತಿಂಗಳು ತಿಂಗಳು ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಹೋಗುವುದು ಮುಟ್ಟು. ಅದೇ ಒಳಪೊರೆಯನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಗೋಡೆಗೆ ಹೊದ್ದಿರುವ ತೆಳುಪೊರೆಯ ಮೇಲೆ, ಗರ್ಭಕೋಶವನ್ನು ಹಿಡಿದಿಟ್ಟ ಕಟ್ಟುಗಳ ಮೇಲೆ, ಕೆಲವರಲ್ಲಿ ಕರುಳು ಮತ್ತು ಮೂತ್ರಕೋಶದ ಮೇಲೆ, ತೀರ ಅಪರೂಪಕ್ಕೆ ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆ ಮತ್ತು ಶ್ವಾಸಕೋಶದವರೆಗೂ ನೆಲೆಯೂರಿದರೆ ಅದು ಎಂಡೊಮೆಟ್ರಿಯೋಸಿಸ್. ಈಸ್ಟ್ರೊಜೆನ್ ಹಾರ್ಮೋನು ಅದಕ್ಕೂ ಆಹಾರ. ತಿಂಗಳ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ, ಆದರೆ ಅಲ್ಲಿ ಸುರಿದ ರಕ್ತಕ್ಕೆ ಹೊರದಾರಿಯಿಲ್ಲ. ಸುತ್ತಲಿನ ಜಾಗ ಉರಿಯೂತದಿಂದ ಕೆರಳುತ್ತದೆ, ಮಾಯುವಾಗ ಕಲೆಗಟ್ಟುತ್ತದೆ, ಪಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದೊಳಗೆ ಹಾಗೆ ರಕ್ತ ಕಟ್ಟಿ, ಹಳೆಯದಾಗಿ, ಕಡುಕಂದು ಬಣ್ಣದ ಮಂದ ದ್ರವ ತುಂಬಿದ ಚೀಲವಾದರೆ ಅದನ್ನೇ ಚಾಕೊಲೇಟ್ ಸಿಸ್ಟ್ ಎನ್ನುವುದು. ನನ್ನ ಎಡ ಅಂಡಾಶಯದಲ್ಲಿದ್ದದ್ದು ನಾಲ್ಕು ಸೆಂಟಿಮೀಟರಿನದು.

ವಿಯೆನ್ನಾದ ರೋಗಶಾಸ್ತ್ರಜ್ಞ ಕಾರ್ಲ್ ಫಾನ್ ರೊಕಿಟಾನ್ಸ್ಕಿ 1860ರಲ್ಲೇ ಇಂಥ ಅಂಗಾಂಶವನ್ನು ವರ್ಣಿಸಿದ್ದನೆಂದು ಹೇಳುತ್ತಾರೆ. ಚಾಕೊಲೇಟ್ ಸಿಸ್ಟ್‌ಗಳ ಕುರಿತು 1921ರಲ್ಲಿ ಬರೆದ ಅಮೆರಿಕದ ಸ್ತ್ರೀರೋಗತಜ್ಞ ಜಾನ್ ಸ್ಯಾಂಪ್ಸನ್, 1927ರಲ್ಲಿ ಒಂದು ವಿವರಣೆಯನ್ನು ಮುಂದಿಟ್ಟ: ಮುಟ್ಟಿನ ರಕ್ತದಲ್ಲಿ ಒಂದಷ್ಟು ಭಾಗ ಕೆಳಗಿಳಿಯುವ ಬದಲು ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಕಿಬ್ಬೊಟ್ಟೆಯೊಳಗೆ ಬೀಳುತ್ತದೆ, ಅದರಲ್ಲಿರುವ ಜೀವಕೋಶಗಳು ಅಲ್ಲೇ ಬೇರುಬಿಡುತ್ತವೆ ಎಂದು. ಇಂದಿಗೂ ಹೆಚ್ಚು ಮನ್ನಣೆ ಪಡೆದ ವಿವರಣೆ ಇದೇ. ಆದರೆ ಹೀಗೆ ಹಿಮ್ಮುಖವಾಗಿ ಹರಿಯುವುದು ನಾಳಗಳು ತೆರೆದಿರುವ ಹೆಂಗಸರಲ್ಲಿ ಬಹುಪಾಲು ಎಲ್ಲರಲ್ಲೂ ಆಗುತ್ತದೆ. ರೋಗ ಬರುವುದು ಹತ್ತರಲ್ಲಿ ಒಬ್ಬಳಿಗೆ. ಉಳಿದವರ ದೇಹ ಆ ಜೀವಕೋಶಗಳನ್ನು ಗುಡಿಸಿ ಹಾಕುತ್ತದೆ, ನಮ್ಮಂಥವರ ದೇಹ ಬೆಳೆಯಲು ಬಿಡುತ್ತದೆ. ರೋಗನಿರೋಧಕ ವ್ಯವಸ್ಥೆಯ ಲೋಪವೋ, ಅಂಗಾಂಶವೇ ಪ್ರೊಜೆಸ್ಟರಾನ್ ಹಾರ್ಮೋನಿನ ಹಿಡಿತಕ್ಕೆ ಸಿಗದೆ ಹೋಗುವುದೋ, ಹುಟ್ಟಿನಿಂದಲೇ ಬಂದ ಒಲವೋ, ಇವೆಲ್ಲವೂ ಕೂಡಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಂದಂತೂ ನಿಜ: ಇದು ರೋಗಿ ಮಾಡಿದ ಯಾವ ತಪ್ಪಿನಿಂದಲೂ ಬರುವುದಲ್ಲ. ಓಡಿದ್ದರಿಂದ, ಕುಣಿದದ್ದರಿಂದ, ತಡವಾಗಿ ಮದುವೆಯಾದದ್ದರಿಂದ ಬಂತೇ ಎಂದು ನನ್ನನ್ನು ನಾನೇ ಕೇಳಿಕೊಂಡ ರಾತ್ರಿಗಳು ಬಹಳ, ಆದ್ದರಿಂದ ಇದನ್ನು ಒತ್ತಿ ಬರೆಯುತ್ತಿದ್ದೇನೆ.

ನೋವು ಒಂದು ಲೆಕ್ಕ, ಗರ್ಭ ಇನ್ನೊಂದು ಲೆಕ್ಕ

ಇಷ್ಟಾದ ಮೇಲೆ ಮಗುವಿನ ಪ್ರಶ್ನೆ. ಈ ರೋಗವಿರುವ ಹೆಂಗಸರಲ್ಲಿ ಶೇ. 30ರಿಂದ 50ರಷ್ಟು ಮಂದಿಗೆ ಗರ್ಭ ನಿಲ್ಲುವುದು ಕಷ್ಟವಾಗಬಹುದು ಎಂಬ ಅಂದಾಜು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಈ ಸಂಖ್ಯೆಯನ್ನು ಕಂಡು ಎದೆಗುಂದುವವರು ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು: ಕನಿಷ್ಠ ಅರ್ಧದಷ್ಟು ಮಂದಿಗೆ ಅಂಥ ತೊಂದರೆ ಆಗುವುದಿಲ್ಲ. ತೊಂದರೆ ಇರುವವರಲ್ಲೂ ಬಾಗಿಲು ಪೂರ್ತಿ ಮುಚ್ಚಿರುವುದು ಕಡಿಮೆ, ಅದು ಓರೆಯಾಗಿರುತ್ತದೆ. ಬೇರಾವ ತೊಂದರೆಯೂ ಇಲ್ಲದ ದಂಪತಿಗೆ ಯಾವುದೇ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಂಭವ ಶೇ. 15ರಿಂದ 20 ಇದ್ದರೆ, ಚಿಕಿತ್ಸೆ ಇಲ್ಲದ ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಶೇ. 2ರಿಂದ 10ಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ತಿಂಗಳಿನಿಂದ ತಿಂಗಳಿಗೆ ಕಾಯುವ ಹೆಂಗಸಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಕಾದವರಿಗೇ ಗೊತ್ತು. ಪ್ರತಿ ತಿಂಗಳ ಮೊದಲ ಸೆಳೆತದಲ್ಲಿ ಎರಡು ಸುದ್ದಿಗಳು ಒಟ್ಟಿಗೇ ಬರುತ್ತಿದ್ದವು. ನೋವು ಬಂತು ಎಂಬುದೊಂದು, ಈ ಸಲವೂ ಇಲ್ಲ ಎಂಬುದಿನ್ನೊಂದು.

ತೊಂದರೆ ಒಂದೇ ಕಡೆ ಆಗುವುದೂ ಅಲ್ಲ. ಕಣ್ಣಿಗೆ ಕಾಣುವಂಥದು ಅಂಟಿಕೆ. ಅಂಡಾಶಯದಿಂದ ಬಿಡುಗಡೆಯಾದ ಅಂಡವನ್ನು ಆ ಕುಚ್ಚಿನ ಬೆರಳುಗಳು ಬಾಚಿ ನಾಳದೊಳಗೆ ಸೇರಿಸಿಕೊಳ್ಳಬೇಕು. ಅದಕ್ಕಾಗಿ ನಾಳದ ತುದಿ ಅಂಡಾಶಯದ ಸುತ್ತ ಸರಾಗವಾಗಿ ಚಲಿಸಬೇಕು. ಕಲೆಗಟ್ಟಿದ ಪೊರೆಗಳು ಅದನ್ನು ಕಟ್ಟಿಹಾಕಿದರೆ, ಅಂಡಾಶಯವೇ ಗರ್ಭಕೋಶದ ಬೆನ್ನಿಗೆ ಅಂಟಿಕೊಂಡರೆ, ಅಂಡ ಎಲ್ಲೋ ಬೀಳುತ್ತದೆ, ನಾಳ ಎಲ್ಲೋ ಇರುತ್ತದೆ. ಎರಡನೆಯದು ಕಣ್ಣಿಗೆ ಕಾಣದ ಉರಿಯೂತ. ರೋಗವಿರುವವರ ಕಿಬ್ಬೊಟ್ಟೆಯೊಳಗಿನ ದ್ರವದಲ್ಲಿ ರೋಗನಿರೋಧಕ ಕಣಗಳೂ ಅವು ಸ್ರವಿಸುವ ರಾಸಾಯನಿಕಗಳೂ ಹೆಚ್ಚಿರುತ್ತವೆ. ಅಂಡ, ವೀರ್ಯಾಣು, ಎಳೆಯ ಭ್ರೂಣ ಮೂರಕ್ಕೂ ಆ ನೆರೆಹೊರೆ ಹಿತವಲ್ಲ. ಅಂಟಿಕೆ ಇಲ್ಲದ, ನಾಳಗಳು ತೆರೆದೇ ಇರುವ ಮೊದಲ ಹಂತದ ರೋಗಿಗಳಿಗೂ ಗರ್ಭ ತಡವಾಗುವುದು ಬಹುಶಃ ಇದರಿಂದಲೇ. ಮೂರನೆಯದು ಅಂಡಾಶಯದ ದಾಸ್ತಾನು. ಹೆಣ್ಣು ಹುಟ್ಟುವಾಗಲೇ ತಂದ ಅಂಡಗಳು ವಯಸ್ಸಿನೊಡನೆ ಕರಗುತ್ತ ಹೋಗುತ್ತವೆ. ಚಾಕೊಲೇಟ್ ಸಿಸ್ಟ್ ತಾನಿರುವ ಅಂಡಾಶಯದಲ್ಲಿ ಆ ಕರಗುವಿಕೆಗೆ ವೇಗ ಕೊಡಬಲ್ಲದು. ಇನ್ನು ಗರ್ಭಕೋಶದ ಒಳಪೊರೆಯೇ ಭ್ರೂಣವನ್ನು ಬರಮಾಡಿಕೊಳ್ಳುವಲ್ಲಿ ಹಿಂದೆ ಬೀಳುತ್ತದೆಯೇ ಎಂಬುದರ ಮೇಲೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಇವೆಲ್ಲದರ ಜೊತೆಗೆ ಯಾವ ವರದಿಯಲ್ಲೂ ಬರೆಯದ ಒಂದು ಕಾರಣವಿದೆ. ಕೂಡುವುದೇ ನೋವಾದಾಗ ದಂಪತಿ ಕೂಡುವುದು ಕಡಿಮೆಯಾಗುತ್ತದೆ. ಅದನ್ನು ಹೇಳಿಕೊಳ್ಳಲು ನಾಚಿಕೆ, ಗಂಡನಿಗೆ ತಾನೇ ಬೇಡವಾದೆನೇನೋ ಎಂಬ ಅನುಮಾನ, ಹೆಂಡತಿಗೆ ತನ್ನಿಂದಲೇ ಹೀಗಾಯಿತೆಂಬ ಅಳುಕು. ನಮ್ಮಿಬ್ಬರ ನಡುವೆ ಆ ಮೌನ ಎರಡು ವರ್ಷ ಇತ್ತು. ಆ ಪೆನ್ಸಿಲಿನ ಚಿತ್ರವನ್ನು ಮನೆಗೆ ತಂದು, ಇಲ್ಲಿ ನೋಯುತ್ತದೆ ಎಂದು ತೋರಿಸಿದ ರಾತ್ರಿ ಅದು ಮುರಿಯಿತು.

ಶಸ್ತ್ರಚಿಕಿತ್ಸೆಯ ಮರುದಿನ ವೈದ್ಯೆ ಒಳಗಿನ ಫೋಟೊಗಳನ್ನು ತೋರಿಸಿದರು. ನಾನು ಚುಕ್ಕೆಯಿಟ್ಟ ಜಾಗದಲ್ಲಿ ಗರ್ಭಕೋಶದ ಹಿಂಗೋಡೆಯೂ ಗುದನಾಳವೂ ಒಂದನ್ನೊಂದು ಎಳೆದುಕೊಂಡು ಕೂತಿದ್ದವು, ಸುತ್ತ ಬೂದುಬಣ್ಣದ ಮಡಿಕೆಗಳು, ಅಲ್ಲಲ್ಲಿ ಮಸಿ ಚೆಲ್ಲಿದಂಥ ಚುಕ್ಕೆಗಳು. ಸ್ಕ್ಯಾನಿಂಗ್‌ನಲ್ಲಿ ಸಿಸ್ಟ್ ಮಾತ್ರ ಕಂಡಿತ್ತು. ಈ ಮಸಿಚುಕ್ಕೆಗಳು ಕಂಡಿರಲಿಲ್ಲ. ಮೇಲ್ಪದರದ ರೋಗ ಸಾಮಾನ್ಯ ಸ್ಕ್ಯಾನಿಂಗ್‌ಗೆ ಸಿಗುವುದೇ ಇಲ್ಲವೆನ್ನಬಹುದು, ಆದ್ದರಿಂದ ‘ಸ್ಕ್ಯಾನಿಂಗ್ ಸರಿಯಾಗಿದೆ’ ಎಂದರೆ ರೋಗವಿಲ್ಲ ಎಂದಲ್ಲ. ಅದೇ ಸಮಯದಲ್ಲಿ, ಅನುಭವವುಳ್ಳವರು ಮಾಡುವ ಸ್ಕ್ಯಾನಿಂಗ್ ಮತ್ತು ಎಂಆರ್‌ಐಗಳು ಆಳದ ರೋಗವನ್ನು ಈಗ ಚೆನ್ನಾಗಿಯೇ ಹಿಡಿಯುತ್ತವೆ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದರಷ್ಟೇ ರೋಗ ಖಚಿತ ಎಂಬ ಹಳೆಯ ನಿಯಮವನ್ನು ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಸ್ಥೆಯಾದ ಎಶ್ರೆ 2022ರ ಮಾರ್ಗಸೂಚಿಯಲ್ಲಿ ಸಡಿಲಿಸಿತು. ಲಕ್ಷಣಗಳನ್ನು ಕೇಳಿ ತಿಳಿದು, ಅದರ ಮೇಲೆಯೇ ಚಿಕಿತ್ಸೆ ಶುರುಮಾಡಬಹುದು ಎಂದಿತು. ಕೇಳಿ ತಿಳಿಯುವುದಕ್ಕೆ ಈ ಮಾರ್ಗಸೂಚಿ ಕೊಟ್ಟ ಬೆಲೆಯೇ ನನಗೆ ಅದರಲ್ಲಿ ಮುಖ್ಯವೆನಿಸಿದ್ದು.

ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸು ನನಗಿಂತ ಎರಡು ವರ್ಷ ದೊಡ್ಡವರು. ಅವರದು ನಾಲ್ಕನೆಯ ಹಂತ, ಎರಡೂ ಅಂಡಾಶಯಗಳಲ್ಲಿ ಸಿಸ್ಟ್, ಒಂದು ನಾಳ ಪೂರ್ತಿ ಮುಚ್ಚಿಹೋಗಿತ್ತು. “ನಂಗೆ ಒಂದು ದಿನವೂ ಹೊಟ್ಟೆನೋವು ಬಂದದ್ದಿಲ್ಲ ನೋಡಿ, ಮಗು ಆಗಲಿಲ್ಲ ಅಂತ ತೋರಿಸೋಕೆ ಬಂದೆ ಅಷ್ಟೇ” ಎಂದು ಅವರು ಅಚ್ಚರಿಯಿಂದ ಹೇಳುತ್ತಿದ್ದರು. ನನ್ನದು ಮೂರನೆಯ ಹಂತ, 17 ವರ್ಷದ ನೋವು. ಈ ರೋಗಕ್ಕೆ ಕೊಡುವ ಒಂದರಿಂದ ನಾಲ್ಕರ ಹಂತವು ಸಿಸ್ಟಿನ ಗಾತ್ರ, ಅಂಟಿಕೆಯ ವಿಸ್ತಾರ ಮುಂತಾದವುಗಳಿಗೆ ಅಂಕ ಕೊಟ್ಟು ಕೂಡಿಸಿದ ಲೆಕ್ಕ. ಅದರಲ್ಲಿ ನೋವಿಗೆ ಒಂದು ಅಂಕವೂ ಇಲ್ಲ. ಮೊದಲ ಹಂತದವಳು ನೋವಿನಿಂದ ನೆಲಕ್ಕುರುಳಬಹುದು, ನಾಲ್ಕನೆಯ ಹಂತದವಳಿಗೆ ಏನೂ ಅನಿಸದಿರಬಹುದು. ಗರ್ಭ ನಿಲ್ಲುವ ಸಂಭವವನ್ನೂ ಆ ಹಂತ ನಿಖರವಾಗಿ ಹೇಳಲಾರದು. ಆ ಕೊರತೆ ತುಂಬಲೆಂದೇ ಆಡಮ್ಸನ್ ಮತ್ತು ಪಾಸ್ಟಾ ಎಂಬ ಸಂಶೋಧಕರು 2010ರಲ್ಲಿ ಸೊನ್ನೆಯಿಂದ ಹತ್ತರವರೆಗಿನ ಬೇರೆಯೇ ಅಳತೆಯನ್ನು ರೂಪಿಸಿದರು. ವಯಸ್ಸು, ಎಷ್ಟು ವರ್ಷದಿಂದ ಗರ್ಭ ನಿಂತಿಲ್ಲ, ಹಿಂದೆಂದಾದರೂ ನಿಂತಿತ್ತೇ, ಶಸ್ತ್ರಚಿಕಿತ್ಸೆಯ ಕೊನೆಗೆ ನಾಳ, ಕುಚ್ಚು, ಅಂಡಾಶಯ ಎಷ್ಟರಮಟ್ಟಿಗೆ ಕೆಲಸ ಮಾಡುವಂತಿವೆ ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಹಂತ, ನೋವು, ಗರ್ಭದ ಸಂಭವ ಈ ಮೂರೂ ಒಂದೇ ಹಗ್ಗದ ಎಳೆಗಳಲ್ಲ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲಾಗದು. ನೋವು ಕಡಿಮೆ ಎಂದು ನಿಶ್ಚಿಂತರಾಗುವುದೂ ತಪ್ಪು, ನೋವು ಜೋರಾಗಿದೆಯೆಂದು ಮಗುವಿನ ಆಸೆ ಬಿಡುವುದೂ ತಪ್ಪು.

ಒಂದನ್ನು ಹಿಡಿದರೆ ಇನ್ನೊಂದು

ಚಿಕಿತ್ಸೆಯ ಮಾತಿಗೆ ಬಂದರೆ ನೋವಿನ ದಾರಿಯೂ ಮಗುವಿನ ದಾರಿಯೂ ಕವಲೊಡೆಯುತ್ತವೆ. ನೋವನ್ನು ಹತೋಟಿಗೆ ತರುವ ಹಾರ್ಮೋನು ಮಾತ್ರೆಗಳು, ಚುಚ್ಚುಮದ್ದುಗಳು ಹೆಚ್ಚಿನವು ಅಂಡ ಬಿಡುಗಡೆಯನ್ನೇ ತಡೆಯುತ್ತವೆ ಅಥವಾ ಗರ್ಭ ನಿಲ್ಲದಂತೆ ಮಾಡುತ್ತವೆ. ಅವನ್ನು ತೆಗೆದುಕೊಳ್ಳುವಾಗ ಮಗುವಿಗಾಗಿ ಪ್ರಯತ್ನಿಸುವಂತಿಲ್ಲ, ನಿಲ್ಲಿಸಿದ ಮೇಲೆ ಸಹಜವಾಗಿ ಗರ್ಭ ನಿಲ್ಲುವ ಸಂಭವವನ್ನು ಅವು ಹೆಚ್ಚಿಸುವುದೂ ಇಲ್ಲ. ಮಗು ಬೇಕೆಂದು ಮಾತ್ರೆ ಬಿಟ್ಟವಳು ನೋವಿನ ಕೈಗೆ ಸಿಕ್ಕುತ್ತಾಳೆ. ಆ 14 ತಿಂಗಳುಗಳಲ್ಲಿ ನಾನು ಹಾಗೆ ಸಿಕ್ಕಿಕೊಂಡಿದ್ದೆ. ಶಸ್ತ್ರಚಿಕಿತ್ಸೆ ಎರಡಕ್ಕೂ ನೆರವಾಗಬಲ್ಲದು. ಕೆನಡಾದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲೆರಡು ಹಂತದ 341 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ರೋಗದ ಚುಕ್ಕೆಗಳನ್ನು ತೆಗೆದರು, ಇನ್ನೊಂದರಲ್ಲಿ ನೋಡಿ ಬಿಟ್ಟರು. 36 ವಾರಗಳಲ್ಲಿ ಗರ್ಭ ನಿಂತು ಮುಂದುವರಿದದ್ದು ತೆಗೆದವರಲ್ಲಿ ಸುಮಾರು ಶೇ. 31, ಬಿಟ್ಟವರಲ್ಲಿ ಸುಮಾರು ಶೇ. 18. ಆದರೆ ಅಂಡಾಶಯದ ಸಿಸ್ಟ್ ತೆಗೆಯುವಾಗ ಲೆಕ್ಕ ಬದಲಾಗುತ್ತದೆ. ಸಿಸ್ಟಿನ ಗೋಡೆಯನ್ನು ಸುಲಿಯುವಾಗ ಅದಕ್ಕೆ ಅಂಟಿದ ಆರೋಗ್ಯವಂತ ಅಂಗಾಂಶವೂ, ಅದರೊಡನೆ ಅಂಡಗಳೂ ಹೋಗುತ್ತವೆ. ಅಂಡಗಳ ದಾಸ್ತಾನನ್ನು ಸೂಚಿಸುವ ಎಎಂಎಚ್ ಎಂಬ ರಕ್ತಪರೀಕ್ಷೆಯಲ್ಲಿ ನನ್ನದು ಮೊದಲು 2.1 ಇದ್ದದ್ದು ಆಮೇಲೆ 1.2ಕ್ಕೆ ಇಳಿಯಿತು. ಅಂಡ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಕೂಡಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಐವಿಎಫ್‌ಗೆ ಮುನ್ನ ಸಿಸ್ಟನ್ನು ಕಡ್ಡಾಯವೆಂಬಂತೆ ತೆಗೆಯುವುದು ಬೇಡ ಎಂದು ಈಗಿನ ಮಾರ್ಗಸೂಚಿಗಳು ಹೇಳುವುದು ಈ ಕಾರಣಕ್ಕೇ. ನನಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಎಎಂಎಚ್ ಮಾಡಿಸಿ, ಎಷ್ಟು ಕಳೆದುಕೊಳ್ಳಬಹುದೆಂದು ಹೇಳಿ, ಯೋಚಿಸಲು ಎರಡು ವಾರ ಕೊಟ್ಟಿದ್ದರು. ನೋವು ಹೆಚ್ಚಿದ್ದರಿಂದ ನಾನು ಒಪ್ಪಿದೆ. ಇಂದಿಗೂ ಆ ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ; ಆದರೆ ಆ ಪ್ರಶ್ನೆಯನ್ನು 31ರ ಬದಲು 20ರಲ್ಲಿ ಎದುರಿಸಿದ್ದರೆ ಆಯ್ಕೆಗೆ ಎಷ್ಟು ಅವಕಾಶವಿರುತ್ತಿತ್ತು ಎಂದು ಅನಿಸದ ದಿನವಿಲ್ಲ.

ಒಂದು ವರ್ಷ ಸಹಜವಾಗಿ ಪ್ರಯತ್ನಿಸಿ, ಆಮೇಲೆ ಐವಿಎಫ್‌ಗೆ ಹೋದೆವು. ಮೊದಲನೆಯ ಸಲ ಭ್ರೂಣ ನಿಲ್ಲಲಿಲ್ಲ. ಎರಡನೆಯ ಸಲ ನಿಂತಿತು, ಮಗಳು ಹುಟ್ಟಿದಳು. ಪಕ್ಕದ ಹಾಸಿಗೆಯ ಆ ಹೆಂಗಸು ಮೂರು ಸಲ ಐವಿಎಫ್ ಮಾಡಿಸಿ, ಇನ್ನು ಸಾಕು ಎಂದು ತಾವಾಗಿಯೇ ನಿಲ್ಲಿಸಿದರು. ಈಗಲೂ ಆಗಾಗ ಫೋನ್ ಮಾಡುತ್ತಾರೆ, ದನಿಯಲ್ಲಿ ನೆಮ್ಮದಿಯಿದೆ. ನನ್ನ ಕತೆಯನ್ನು ಗೆಲುವೆಂದೂ ಅವರದನ್ನು ಸೋಲೆಂದೂ ಯಾರಾದರೂ ಅಂದರೆ ನನಗೆ ಒಪ್ಪಿಗೆಯಿಲ್ಲ. ನಮ್ಮಿಬ್ಬರಿಗೂ ಇರುವುದು ಒಂದೇ ರೋಗ, ಅದು ಇಬ್ಬರನ್ನೂ ಬಿಟ್ಟುಹೋಗಿಲ್ಲ.

ನೋವು ಹೇಳಿಕೊಂಡಾಗಲೆಲ್ಲ ನನಗೆ ಸಿಕ್ಕ ಇನ್ನೊಂದು ಸಲಹೆಯೂ ಇಲ್ಲಿ ನೆನಪಾಗುತ್ತದೆ. ‘ಒಂದು ಮಗುವಾಗಲಿ, ಎಲ್ಲ ಸರಿಹೋಗುತ್ತದೆ’ ಎಂದು ವೈದ್ಯರೂ ಹೇಳಿದ್ದರು, ಬಂಧುಗಳೂ ಹೇಳಿದ್ದರು. ಬಸುರಿನಲ್ಲಿ ಮುಟ್ಟು ನಿಲ್ಲುವುದರಿಂದ, ಮೊಲೆಯುಣಿಸುವ ತಿಂಗಳುಗಳಲ್ಲೂ ಅದು ತಡವಾಗುವುದರಿಂದ, ನೋವು ಹಲವರಲ್ಲಿ ಇಳಿಯುವುದು ನಿಜ. ಆದರೆ ಬಸುರು ಈ ರೋಗಕ್ಕೆ ಮದ್ದಲ್ಲ. ಮಗಳು ಹಾಲು ಬಿಟ್ಟು, ಮುಟ್ಟು ಮರಳಿ ಬಂದ ಮೂರನೆಯ ತಿಂಗಳಿಗೆ ನನ್ನ ನೋವೂ ಮರಳಿ ಬಂತು, ಅದೇ ಜಾಗಕ್ಕೆ. ಗರ್ಭ ನಿಲ್ಲುವುದನ್ನೇ ಕಷ್ಟಮಾಡುವ ರೋಗಕ್ಕೆ ಗರ್ಭವನ್ನೇ ಮದ್ದೆಂದು ಹೇಳಿ ಕಳಿಸಿದರೆ ಆ ಹುಡುಗಿ ಏನು ಮಾಡಬೇಕು? ಮಗು ಬೇಡವೆನ್ನುವವಳು, ಇನ್ನೂ ಮದುವೆಯ ಯೋಚನೆಯನ್ನೇ ಮಾಡದವಳು, ಮಗುವಾಗಿಯೂ ನರಳುವವಳು ಇವರೆಲ್ಲರ ನೋವು ಆ ಸಲಹೆಯಲ್ಲಿ ಎಲ್ಲಿ ನಿಲ್ಲುತ್ತದೆ? ಫೈಲಿನ ಮೊದಲ ಸಾಲಿನಲ್ಲಿ ಗರ್ಭವಿತ್ತು, ನೋವು ಪುಟದ ತಳದಲ್ಲಿತ್ತು ಎಂದು ಆರಂಭದಲ್ಲಿ ಬರೆದೆನಲ್ಲ, ಆ ಸಲಹೆಯ ಹಿಂದಿರುವುದೂ ಅದೇ ಅನುಕ್ರಮ. ಹೆಣ್ಣಿನ ಒಡಲಿನ ತೊಂದರೆ ಇನ್ನೊಂದು ಜೀವಕ್ಕೆ ಅಡ್ಡಿಯಾದಾಗ ಮಾತ್ರ ರೋಗವೆನಿಸಿಕೊಳ್ಳುತ್ತದೆ, ಅವಳೊಬ್ಬಳಿಗೇ ಅಡ್ಡಿಯಾದಾಗ ಸಹಜವೆನಿಸಿಕೊಳ್ಳುತ್ತದೆ. ಮಗುವಿನ ಆಸೆಯ ದೃಷ್ಟಿಯಿಂದ ನೋಡಿದರೂ ಈ ಅನುಕ್ರಮ ನಷ್ಟದ್ದೇ, ಏಕೆಂದರೆ ನೋವು ಶುರುವಾದಾಗಲೇ ಕೇಳಿದ್ದರೆ ಅಂಡಾಶಯ ಇನ್ನೂ ತುಂಬಿರುತ್ತಿತ್ತು.

ಕಳೆದ ವರ್ಷ

ಅಕ್ಕನ ಮಗಳಿಗೆ ಈಗ 15. ಕಳೆದ ವರ್ಷ ಒಂದು ಸಂಜೆ ಅಕ್ಕ ಫೋನ್ ಮಾಡಿ, ಹುಡುಗಿ ಪ್ರತಿ ತಿಂಗಳೂ ಶಾಲೆ ತಪ್ಪಿಸುತ್ತಿದ್ದಾಳೆ, ಮಾತ್ರೆಗೂ ನಿಲ್ಲುತ್ತಿಲ್ಲ ಎಂದಳು. ಹೇಳುತ್ತಲೇ, ಅಭ್ಯಾಸಬಲದಿಂದ, “ನನಗೂ ಹಾಗೇ ಇತ್ತಲ್ಲ, ವಯಸ್ಸಾದಂತೆ ಸರಿಹೋಗುತ್ತೆ ಬಿಡು” ಎಂದೂ ಸೇರಿಸಿದಳು. ನಾನು ಮರುದಿನವೇ ಹೋದೆ. ಹುಡುಗಿಗೆ ಒಂದು ನೋಟ್‌ಬುಕ್ ಕೊಟ್ಟು, ಮೂರು ತಿಂಗಳು ಬರೆದಿಡು ಎಂದೆ: ಯಾವ ದಿನ ನೋವು ಶುರು, ಎಲ್ಲಿ, ಹತ್ತರಲ್ಲಿ ಎಷ್ಟು, ಎಷ್ಟು ಮಾತ್ರೆ, ವಾಂತಿಯಾಯಿತೇ, ಶೌಚಕ್ಕೆ ಹೋದಾಗ ನೋವಾಯಿತೇ, ಏನನ್ನು ತಪ್ಪಿಸಿಕೊಂಡೆ. ಮೊದಲ ತಿಂಗಳು ಸಂಕೋಚದಿಂದ ಸಂಖ್ಯೆಗಳನ್ನಷ್ಟೇ ಬರೆದಿದ್ದಳು. ಮೂರನೆಯ ತಿಂಗಳ ಪುಟದಲ್ಲಿ ‘ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಲಿಲ್ಲ, ಜ್ವರ ಅಂತ ಸುಳ್ಳು ಹೇಳಿದೆ’ ಎಂದಿತ್ತು.

ಆ ನೋಟ್‌ಬುಕ್ಕಿನೊಂದಿಗೆ ಅದೇ ವೈದ್ಯೆಯ ಬಳಿಗೆ ಮೂವರೂ ಹೋದೆವು. ಅವರು ಪುಟಗಳನ್ನು ಒಂದೊಂದಾಗಿ ಓದಿದರು. ಅಕ್ಕ ಏನೋ ಹೇಳಲು ಬಾಯಿ ತೆರೆದಾಗ ಕೈಯೆತ್ತಿ ಮೆಲ್ಲಗೆ ತಡೆದು, ಹುಡುಗಿಯ ಕಡೆಗೇ ತಿರುಗಿ ಕೇಳಿದರು: “ಪುಟ್ಟಾ, ತಿಂಗಳಿಗೆ ಎಷ್ಟು ದಿನ ಶಾಲೆ ತಪ್ಪುತ್ತೆ?” ಅವಳು ನಮ್ಮಿಬ್ಬರ ಮುಖ ನೋಡಿ, ಆಮೇಲೆ ಅವರನ್ನು ನೋಡಿ, “ಮೂರು ದಿನ ಡಾಕ್ಟರ್, ಒಂದೊಂದ್ಸಲ ನಾಲ್ಕು” ಎಂದಳು. ಮೇಜಿನ ಮೇಲಿದ್ದ ಹೊಸ ಫೈಲನ್ನು ಅವರು ಎಳೆದುಕೊಂಡರು. ನಾನು ಕುರ್ಚಿಯಿಂದ ತುಸು ಬಾಗಿ ನೋಡಿದೆ. ಮೊದಲ ಪುಟದ ಮೊದಲ ಸಾಲಿನಲ್ಲಿ ಅವರು ಬರೆದದ್ದು: ವಯಸ್ಸು 15, ಮುಟ್ಟಿನಲ್ಲಿ ತೀವ್ರ ನೋವು, ತಿಂಗಳಿಗೆ ಮೂರರಿಂದ ನಾಲ್ಕು ದಿನ ಶಾಲೆಗೆ ಹೋಗಲಾಗುತ್ತಿಲ್ಲ.